ನಾಲ್ಕು ನಿಮಿಷ ಮೊದಲೇ ತೆರೆದ ಬಾಗಿಲು

ಆ ಸಿನಿಮಾದ ಬಗ್ಗೆ ನಮ್ಮೂರಿನಲ್ಲಿ ಎರಡು ಅಭಿಪ್ರಾಯ ಇದ್ದವು ಎಂದು ಜನ ಈಗಲೂ ಹೇಳುತ್ತಾರೆ. ಅಭಿಪ್ರಾಯವಂತೆ ಅಭಿಪ್ರಾಯ. ಇದ್ದದ್ದು ಎರಡು ಸಿನಿಮಾ. ಒಂದೇ ಪರದೆಯ ಮೇಲೆ, ಒಂದೇ ಆಟದಲ್ಲಿ, ಬಾಲ್ಕನಿಯವರು ಒಂದು ಸಿನಿಮಾ ನೋಡಿದರು, ಕೆಳಗೆ ಕೂತವರು ಇನ್ನೊಂದು ನೋಡಿದರು. ಇದಕ್ಕೆಲ್ಲ ಕಾರಣ ನನ್ನ ಸ್ವಂತ ಅಣ್ಣ. ಆ ಥಿಯೇಟರಿನಲ್ಲಿ ನಾನು ಟಿಕೆಟ್ ಕೊಡುವವಳು, ಅವನು ಬಾಗಿಲು ತೆಗೆಯುವವನು. ಅವನ ಕಥೆಯನ್ನು ಬೇರೆಯವರು ಅವರವರಿಗೆ ತೋಚಿದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದನ್ನು ಕೇಳಿ ಕೇಳಿ ನನಗೆ ಮೈಯೆಲ್ಲ ಉರಿದುಹೋಗಿದೆ. ಹಾಗಾಗಿ ನಾನೇ ಹೇಳುತ್ತೇನೆ.

ಬಾಗಿಲು ತೆಗೆಯುವುದೂ ಒಂದು ಕೆಲಸವೇ ಎಂದು ಕೇಳುವವರು ಒಂದು ದಿನ ಅಣ್ಣನ ಜಾಗದಲ್ಲಿ ನಿಂತು ನೋಡಬೇಕು. ಕೆಳಗಿನ ಹಾಲಿಗೆ ಹೊರಹೋಗುವ ಬಾಗಿಲು ನಾಲ್ಕು. ಒಂದೊಂದಕ್ಕೂ ಮೇಲೊಂದು ಅಗುಳಿ, ಕೆಳಗೊಂದು ಅಗುಳಿ, ನಡುವೆ ಅಡ್ಡ ಕಬ್ಬಿಣದ ಪಟ್ಟಿ, ಅದರ ಮೇಲೆ ಕಂಬಳಿಯಂಥ ದಪ್ಪ ಕಪ್ಪು ಪರದೆ. ಅಣ್ಣ ಎಡಗಡೆಯ ಹಿಂದಿನ ಬಾಗಿಲಿನಿಂದ ಶುರು ಮಾಡುತ್ತಾನೆ, ಏಕೆಂದರೆ ಅದರ ಹೊರಗಿನ ಓಣಿ ಅಗಲ. ಆಮೇಲೆ ಬಲಗಡೆಯದು, ಕೊನೆಗೆ ಮುಂದಿನ ಎರಡು. ನಾಲ್ಕೂ ಬಾಗಿಲು ತೆರೆದಿರುವ ಹೊತ್ತಿಗೆ ಸರಿಯಾಗಿ ದೀಪ ಹತ್ತಬೇಕು. ಆರುನೂರ ನಲವತ್ತು ಜನ ಆರು ನಿಮಿಷದಲ್ಲಿ ಖಾಲಿ. ಮೂವತ್ತೊಂದು ವರ್ಷದಲ್ಲಿ ಒಬ್ಬರ ಚಪ್ಪಲಿಯೂ ಕಾಲ್ತುಳಿತಕ್ಕೆ ಸಿಕ್ಕಿ ಹರಿದಿಲ್ಲ. ವಾರಕ್ಕೊಮ್ಮೆ ಅಗುಳಿಗಳಿಗೆಲ್ಲ ಗ್ರೀಸ್ ಹಚ್ಚುತ್ತಾನೆ, ಕಿರ್ ಎನ್ನಬಾರದು ಎಂದು. ಅವನ ಅಂಗಿಯ ತೋಳಿನಲ್ಲಿ ಸದಾ ಒಂದು ಕರಿ ಗೆರೆ. ನಾನು ಒಗೆದು ಒಗೆದು ಸಾಕಾಗಿ ಬಿಟ್ಟೆ.

ಇಷ್ಟು ಹುಚ್ಚು ಯಾಕೆ ಎಂದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಬೇರೊಂದು ಥಿಯೇಟರಿನಲ್ಲಿ ಕಸ ಗುಡಿಸುತ್ತಿದ್ದ. ಅಲ್ಲಿ ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಎಂದು ಪಕ್ಕದ ಬಾಗಿಲಿಗೆ ಬೀಗ ಜಡಿದಿದ್ದರು. ಒಂದು ದಿನ ಯಾವುದೋ ವೈರ್ ಸುಟ್ಟ ವಾಸನೆ ಬಂತು, ಯಾರೋ ಬೆಂಕಿ ಎಂದರು. ಅಷ್ಟೇ. ಅಣ್ಣ ಹೊರಗಡೆ ಇದ್ದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಾ ನಿಂತಿದ್ದ, ಕೀಲಿ ಅವನ ಬಳಿ ಇರಲಿಲ್ಲ. ಯಾರೂ ಸಾಯಲಿಲ್ಲ, ಪುಣ್ಯ. ಒಬ್ಬ ಹೆಂಗಸಿನ ಪಕ್ಕೆಲುಬು ಮುರಿಯಿತು. ಆವತ್ತಿನಿಂದ ಇವನಿಗೆ ಬಾಗಿಲೇ ದೇವರು.

ಈ ಕೆಲಸದಿಂದಾಗಿ ಅವನು ಯಾವ ಸಿನಿಮಾದ ಕೊನೆಯನ್ನೂ ನೋಡಿದವನಲ್ಲ. ಕೊನೆಯ ಸಂಗೀತ ಏರುತ್ತಿದ್ದ ಹಾಗೆಯೇ ಪರದೆಗೆ ಬೆನ್ನು ಹಾಕಿ ಅಗುಳಿಗೆ ಕೈ ಹಾಕುವವನು ಅವನು. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದವು ಎಂದರೆ ಇಬ್ಬರೂ ಸೇರಿದರು ಎಂದು ಲೆಕ್ಕ.

"ಕೊನೆಗೆ ಸೇರ್ತಾರೆ ಬಿಡು, ನೋಡೋದೇನಿದೆ" ಎನ್ನುತ್ತಿದ್ದ. "ಸೇರಿಸೋಕೆ ತಾನೆ ಅಷ್ಟು ಹೊತ್ತು ಜಗಳ ಆಡಿಸೋದು?"

ಅವನ ಹೆಂಡತಿ ತೀರಿಕೊಂಡಾಗ ಮಗಳಿಗೆ ಏಳು ವರ್ಷ. ಥಿಯೇಟರಿನ ಹಿಂದಿನ ಓಣಿಯಲ್ಲಿ ಕೆಳಗಿನ ಎರಡು ಕೋಣೆ ಅವರದು, ಮೇಲಿನ ಒಂದು ಕೋಣೆ ನನ್ನದು. ಹುಡುಗಿಗೆ ನಾವು ಗುಬ್ಬಿ ಎನ್ನುತ್ತಿದ್ದೆವು, ಇಪ್ಪತ್ತಾರಾದರೂ ಅದೇ ಹೆಸರು ನಿಂತಿದೆ. ಅಣ್ಣ ಅವಳಿಗೆ ತಾನೇ ಜಡೆ ಹಾಕಿದ, ಬಟ್ಟೆಗೆ ಗುಂಡಿ ಹೊಲಿದ, ಜ್ವರ ಬಂದರೆ ರಾತ್ರಿಯೆಲ್ಲ ಕೂತ. ಅದನ್ನು ಅಲ್ಲಗಳೆಯುವುದಿಲ್ಲ. ಓದು ಮುಗಿಸಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಾಜನ್ನು ಫ್ರೇಮಿನ ಅಳತೆಗೆ ಸರಿಯಾಗಿ ಉಜ್ಜುವ ಕೆಲಸ, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಗಾಜು ಟಪ್ ಎಂದು ಒಡೆಯುತ್ತದೆ. ಅವಳ ಕೈಯಲ್ಲಿ ಒಡೆದದ್ದು ಬಹಳ ಕಡಿಮೆ.

ಎರಡು ವರ್ಷದ ಹಿಂದೆ ಮದುವೆ ಮಾಡಿದೆವು. ಅಳಿಯ ಲಿಫ್ಟ್ ಕಂಪನಿಯಲ್ಲಿ ಮೇಲ್ವಿಚಾರಕ, ಊರಿನ ಆ ತುದಿಯಲ್ಲಿ ಮೂರನೇ ಮಹಡಿಯ ಮನೆ. ಮಾತು ಬೆಣ್ಣೆ. ಕುರ್ಚಿಯ ತುದಿಯಲ್ಲಿ ಕೂರುತ್ತಾನೆ, ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ಓಣಿಯ ಹೆಂಗಸರೆಲ್ಲ "ಎಂಥ ಗಂಡನಪ್ಪಾ" ಎಂದು ತಮ್ಮ ತಮ್ಮ ಗಂಡಂದಿರನ್ನು ಓರೆಗಣ್ಣಿನಿಂದ ನೋಡಿದರು. ನಾನೂ ಮೆಚ್ಚಿದೆ. ಸುಳ್ಳು ಯಾಕೆ ಹೇಳಲಿ?

ಒಂದು ಬುಧವಾರ ಬೆಳಿಗ್ಗೆ ಗುಬ್ಬಿ ಒಂದೇ ಒಂದು ಬ್ಯಾಗು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ, ನಾನು ಇನ್ನು ಆ ಮನೆಗೆ ಹೋಗಲ್ಲ."

ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಅಳಲಿಲ್ಲ, ಕೂಗಾಡಲಿಲ್ಲ. ನಾವು ಇಬ್ಬರೂ ಶುರು ಹಚ್ಚಿಕೊಂಡೆವು. ಹೊಡೀತಾನಾ? ಇಲ್ಲ. ಕುಡೀತಾನಾ? ಇಲ್ಲ. ಬೇರೆ ಯಾವಳಾದರೂ ಇದ್ದಾಳಾ? ಇಲ್ಲ. ಊಟಕ್ಕೆ ಬಟ್ಟೆಗೆ ಕಡಿಮೆ ಮಾಡ್ತಾನಾ? ಇಲ್ಲ. ಮತ್ತೇನೇ ತಾಯಿ ನಿನ್ನ ಕಷ್ಟ?

"ನನಗೆ ಅಲ್ಲಿರೋಕೆ ಆಗಲ್ಲ ಅತ್ತೆ" ಎಂದಳು ನನ್ನನ್ನು ನೋಡಿ. ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ.

ಅಳಿಯ ಮುಂದಿನ ಭಾನುವಾರ ಹಣ್ಣಿನ ಚೀಲದೊಂದಿಗೆ ಬಂದ. ಅದರ ಮುಂದಿನ ಭಾನುವಾರವೂ ಬಂದ. "ಅವಳಿಗೆ ಸ್ವಲ್ಪ ಬೇಜಾರಾಗಿದೆ ಅನಿಸುತ್ತೆ ಮಾವ, ಇರಲಿ ಬಿಡಿ ನಾಲ್ಕು ದಿನ" ಎಂದ. ಗುಬ್ಬಿ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಅವನು ಹೋದ ಮೇಲೆ ಅಣ್ಣ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತ. ಮಗಳದೇ ತಪ್ಪು ಎಂದು ಅವನ ಮನಸ್ಸಿಗೆ ಬಂದದ್ದು ಆಗಲೇ.

ಇಂಥ ಹೊತ್ತಿನಲ್ಲಿ ಆ ಸಿನಿಮಾ ಬಂತು, ಹಾಳಾದದ್ದು. ಪ್ರೇಮಕಥೆ. ಅವಳು ಈಜು ಕಲಿಸುವವಳು, ಅವನು ಹಡಗಿನ ಕಟ್ಟೆಯಲ್ಲಿ ಕ್ರೇನ್ ಓಡಿಸುವವನು. ಅರ್ಧ ಸಿನಿಮಾ ಪ್ರೀತಿ, ಇನ್ನರ್ಧ ಸಂಸಾರ. ಅವನು ಕೆಟ್ಟವನಲ್ಲ, ಆದರೆ ಅವಳ ಮಾತು ಅವನ ಕಿವಿಗೆ ಬೀಳುವುದಿಲ್ಲ. ಅವಳು ಬಿಟ್ಟು ಹೋಗುತ್ತಾಳೆ. ಅವನು ಹುಡುಕಿಕೊಂಡು ಹೋಗಿ, ಗಾಳಿ ಬೀಸುವ ಕಟ್ಟೆಯ ಮೇಲೆ ಮಂಡಿಯೂರಿ ಅಳುತ್ತಾನೆ. ಅವಳು ಅಪ್ಪಿಕೊಳ್ಳುತ್ತಾಳೆ. ಪಿಟೀಲುಗಳು ಮುಗಿಲು ಮುಟ್ಟುತ್ತವೆ. ಪರದೆ ಕಪ್ಪಾಗುತ್ತದೆ.

ಅಣ್ಣ ಮೊದಲ ದಿನ ಮೊದಲ ಆಟದಲ್ಲಿ ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡಿದ. ಪಿಟೀಲು ಎದ್ದಿತು, ಅವನು ಬೆನ್ನು ತಿರುಗಿಸಿ ಅಗುಳಿ ಎಳೆದ, ಬಾಗಿಲಿನ ಪರದೆ ಸರಿಸಿದ. ಮಧ್ಯಾಹ್ನದ ಬಿಸಿಲು ಒಳಗೆ ಸುರಿಯಿತು. ಪರದೆ ಕಪ್ಪಾಗಿದೆ, ಬಾಗಿಲು ತೆರೆದಿದೆ, ಜನಕ್ಕೆ ಇನ್ನೇನು ಬೇಕು? ಎದ್ದರು. ಮೂಗು ಒರೆಸಿಕೊಳ್ಳುತ್ತಾ, ಮಕ್ಕಳನ್ನು ಎತ್ತಿಕೊಳ್ಳುತ್ತಾ, ಸಂತೋಷವಾಗಿ ಹೊರಗೆ ಬಂದರು. ಪರದೆಯ ಮೇಲೆ ಮತ್ತೆ ಏನೋ ಮಸುಕಾಗಿ ಓಡಾಡುತ್ತಿದ್ದದ್ದನ್ನು ಕಂಡವರೂ ಅದು ಹೆಸರುಗಳ ಹಿಂದಿನ ಚಿತ್ರ ಇರಬೇಕು ಎಂದುಕೊಂಡರು.

ಬಾಲ್ಕನಿಗೆ ಬೇರೆ ಮೆಟ್ಟಿಲು, ಅಲ್ಲಿನ ಬಾಗಿಲು ನೋಡಿಕೊಳ್ಳುವವಳು ಬೇರೆ. ಅವಳಿಗೆ ಸೊಂಟ ನೋವು, ದೀಪ ಹತ್ತುವ ತನಕ ಸ್ಟೂಲಿನಿಂದ ಏಳುವುದಿಲ್ಲ. ಹಾಗಾಗಿ ಬಾಲ್ಕನಿಯವರಿಗೆ ಉಳಿದ ನಾಲ್ಕು ನಿಮಿಷವೂ ಕಾಣಿಸಿತು. ಆ ನಾಲ್ಕು ನಿಮಿಷದಲ್ಲಿ ಸಂಗೀತವೇ ಇಲ್ಲ. ಮರುದಿನ ಬೆಳಿಗ್ಗೆ. ಅವನು ಮಲಗಿದ್ದಾನೆ. ಅವಳು ಎದ್ದು ತನ್ನ ಕಡೆಯ ಹಾಸಿಗೆ ಸರಿ ಮಾಡುತ್ತಾಳೆ, ನಿಂತುಕೊಂಡೇ ಒಂದು ಲೋಟ ನೀರು ಕುಡಿಯುತ್ತಾಳೆ, ಕೋಟು ಹಾಕಿಕೊಂಡು ಹೊರಟುಹೋಗುತ್ತಾಳೆ. ಮುಗಿಯಿತು.

ಆಮೇಲೆ ನಡೆದ ಜಗಳವನ್ನು ಏನೆಂದು ಹೇಳಲಿ. ನನ್ನ ಕೌಂಟರಿನ ಮುಂದೆಯೇ ಶುರುವಾಯಿತು. ಬಾಲ್ಕನಿಯಿಂದ ಇಳಿದ ಒಬ್ಬ ಗಂಡಸು "ಅಷ್ಟು ಅತ್ತವನನ್ನ ಬಿಟ್ಟು ಹೋಗ್ತಾಳಲ್ಲ, ಅವಳಿಗೆ ಎದೆಯಲ್ಲಿ ಕಲ್ಲಿದೆಯಾ" ಎಂದ. ಕೆಳಗಿನಿಂದ ಬಂದ ಹೆಂಗಸು "ಎಲ್ಲಿ ಬಿಟ್ಟಳು? ಚೆನ್ನಾಗಿ ಸೇರಿದರಲ್ಲ, ನೀವು ನಿದ್ದೆ ಹೊಡೆದಿರಾ" ಎಂದಳು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು ವಾದ ಮಾಡಿದನಂತೆ. ಸೇರಿದ್ದೇ ಸರಿ ಎನ್ನುವವರು ಒಂದು ಕಡೆ, ಬಿಟ್ಟದ್ದು ಮಹಾಪರಾಧ ಎನ್ನುವವರು ಇನ್ನೊಂದು ಕಡೆ, ಬಿಟ್ಟದ್ದೇ ಒಳ್ಳೆಯದಾಯಿತು ಎನ್ನುವ ನಾಲ್ಕು ಜನ ಮೂಲೆಯಲ್ಲಿ. ಅವಳು ಬಿಟ್ಟದ್ದು ನಿಜವೋ, ಬರೀ ಸೂಚನೆಯೋ ಎಂದು ಶಾಲೆಯ ಮೇಷ್ಟ್ರು ಒಬ್ಬರು ಅರ್ಧ ಗಂಟೆ ವಿವರಿಸಿದರು. ಅವರು ಕೂತದ್ದು ಕೆಳಗೆ. ಒಬ್ಬರಾದರೂ ಇನ್ನೊಬ್ಬರನ್ನು ನೀವು ಎಲ್ಲಿ ಕೂತಿದ್ದಿರಿ ಎಂದು ಕೇಳಬಾರದೇ? ಕೇಳುವುದಿಲ್ಲ. ಅವರವರ ಕಣ್ಣು ಕಂಡದ್ದೇ ಪರಮ ಸತ್ಯ.

ಜನ ಸಿನಿಮಾದ ಬಗ್ಗೆ ಕಚ್ಚಾಡಿಕೊಂಡು ಸಾಯಲಿ, ನನಗೇನೂ ಇಲ್ಲ. ಟಿಕೆಟ್ ಖರ್ಚಾಗುತ್ತದೆ. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಇವರು ಮಾತಾಡುತ್ತಿರುವುದು ಪರದೆಯ ಮೇಲಿನವಳ ಬಗ್ಗೆ ಅಲ್ಲ, ನಮ್ಮ ಗುಬ್ಬಿಯ ಬಗ್ಗೆ ಎಂದು ನನಗೆ ಹೊಳೆಯಿತು. ಕನ್ನಡಕದ ಅಂಗಡಿಯ ಮಾಲೀಕ ಅವಳು ಗಾಜು ಉಜ್ಜುತ್ತಿದ್ದಾಗ ಹಿಂದೆ ಬಂದು ನಿಂತು, "ನಿಮ್ಮಪ್ಪನ ಥಿಯೇಟರಿಗೆ ಹೋಗಿ ಆ ಸಿನಿಮಾ ನೋಡಮ್ಮ, ಹೆಣ್ಣು ಅಂದ್ರೆ ಹಾಗಿರಬೇಕು, ಎಷ್ಟೇ ಆದ್ರೂ ಕೊನೆಗೆ ಗಂಡನ ಕೈ ಹಿಡೀತಾಳೆ" ಎಂದನಂತೆ. ಅವನು ಕೂತದ್ದು ಕೆಳಗೆ. ಅವನ ಹೆಂಡತಿ ತಂಗಿಯ ಜೊತೆ ಬಾಲ್ಕನಿಗೆ ಹೋದವಳು. ಅವಳು ಮರುದಿನ ಬಂದು, "ಇಂಥ ಸಿನಿಮಾ ನೋಡೇ ಹುಡುಗೀರು ಬ್ಯಾಗು ಎತ್ಕೊಂಡು ತವರಿಗೆ ಬರ್ತಾರೆ" ಎಂದಳಂತೆ. ನೋಡಿ ಇವರ ನ್ಯಾಯ. ಸಿನಿಮಾದಲ್ಲಿ ಸೇರಿದರೆ ಗುಬ್ಬಿ ಅದನ್ನು ನೋಡಿ ಕಲಿಯಬೇಕು, ಸೇರದಿದ್ದರೆ ಗುಬ್ಬಿ ಅದನ್ನು ನೋಡಿ ಕೆಟ್ಟಳು. ಆ ವಾರ ಅವಳ ಕೈಯಲ್ಲಿ ಮೂರು ಗಾಜು ಒಡೆದವು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅಣ್ಣನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸಿನಿಮಾ ಕೆಲಸಕ್ಕೆ ಬಂದಿತ್ತು. ಊಟಕ್ಕೆ ಕೂತರೆ ಅದೇ ಮಾತು.

"ಅವಳೂ ನಿನ್ನ ಹಾಗೇ ಹಟ ಮಾಡಿದಳು ಮಗಾ. ಕೊನೆಗೆ ಏನಾಯ್ತು? ಅವನೂ ಅತ್ತ, ಇವಳೂ ಅತ್ತಳು, ಎಲ್ಲ ಸರಿಹೋಯ್ತು. ಇಡೀ ಥಿಯೇಟರ್ ಕಣ್ಣೊರೆಸಿಕೊಂಡು ಹೋಗುತ್ತೆ. ಅಷ್ಟು ಜನ ಸುಳ್ಳಿಗೆ ಅಳ್ತಾರಾ?"

ಸಿನಿಮಾದ ಎರಡನೇ ವಾರವೂ ಗುಬ್ಬಿ ಹೋಗಲ್ಲ ಎಂದಳು. ಮೂರನೇ ವಾರ ಬೆಳಿಗ್ಗೆ ಅಂದಳು, ಸಂಜೆ ಅಂದಳು. ಆಮೇಲೆ ಅನ್ನುವುದನ್ನು ನಿಲ್ಲಿಸಿದಳು. ಒಂದು ಗುರುವಾರ ತಟ್ಟೆಯಿಂದ ತಲೆ ಎತ್ತದೆ, "ಆಯ್ತಪ್ಪ, ಭಾನುವಾರ ಬರೋಕೆ ಹೇಳು ಅವರಿಗೆ. ಹೋಗ್ತೀನಿ" ಎಂದಳು. ಅಣ್ಣ ಆ ರಾತ್ರಿ ಎರಡು ತುತ್ತು ಹೆಚ್ಚು ಉಂಡ. ನನಗೆ ಅದು ಸರಿ ಕಾಣಲಿಲ್ಲ. ಆದರೂ ಗಂಡನ ಮನೆಗೆ ಹೋಗುವವಳಿಗೆ ಅಡ್ಡ ಬಾಯಿ ಹಾಕಬಾರದು ಎಂದು ಸುಮ್ಮನಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿ ಆವತ್ತು ಎಲ್ಲಿ ಹೋಗಿತ್ತೋ.

ಶುಕ್ರವಾರ ಮಧ್ಯಾಹ್ನದ ಆಟದ ಟಿಕೆಟ್ ಕಿಟಕಿ ಮುಚ್ಚಿದ ಮೇಲೆ ಪ್ರೊಜೆಕ್ಟರ್ ಆಪರೇಟರ್ ಚಹಾ ಕುಡಿಯಲು ನನ್ನ ಟಿಕೆಟ್ ಕೋಣೆಗೆ ಬಂದ. ಊರಿನ ಜಗಳದ ಮಾತು ಬಂತು. ನಾನು, "ನಿನಗಾದರೂ ಗೊತ್ತಿರಬೇಕಲ್ಲ, ಸೇರ್ತಾರಾ ಇಲ್ವಾ?" ಎಂದೆ.

"ಸೇರ್ತಾಳೆ, ಮರುದಿನ ಬಿಟ್ಟು ಹೋಗ್ತಾಳೆ" ಎಂದ ಅವನು. "ನಿಮ್ಮಣ್ಣ ನಾಲ್ಕು ನಿಮಿಷ ಮೊದಲೇ ಬಾಗಿಲು ತೆಗೀತಾನಲ್ಲ, ಕೆಳಗಿನವರಿಗೆ ಏನು ಕಾಣುತ್ತೆ ಮಣ್ಣು."

"ಅವನಿಗೆ ಹೇಳಬಾರದಿತ್ತಾ ನೀನು?"

"ಮೂರನೇ ದಿನವೇ ಹೇಳಿದ್ದೆ."

ಲೋಟ ಅಲ್ಲೇ ಬಿಟ್ಟು ಬಾಲ್ಕನಿಗೆ ಹೋಗಿ ಕತ್ತಲಲ್ಲಿ ನಿಂತುಕೊಂಡು ಆ ಆಟದ ಕೊನೆಯನ್ನು ನೋಡಿದೆ. ಹಾಸಿಗೆ, ನೀರು, ಕೋಟು. ಕೆಳಗೆ ಬಿಸಿಲು ಬಿದ್ದ ಹಾಲಿನಲ್ಲಿ ಜನ ಎದ್ದು ಹೋಗುತ್ತಿದ್ದರು, ಅಣ್ಣ ಬಾಗಿಲ ಬಳಿ ನಿಂತು "ನಿಧಾನ, ನಿಧಾನ" ಎನ್ನುತ್ತಿದ್ದ. ಹಾಲ್ ಖಾಲಿಯಾಗುವುದನ್ನೇ ಕಾದು ಅವನ ಮುಂದೆ ಹೋಗಿ ನಿಂತೆ.

"ಇನ್ನೂ ನಾಲ್ಕು ನಿಮಿಷ ಇದೆ ಅಂತ ನಿನಗೆ ಗೊತ್ತಿತ್ತಾ?"

ಅವನು ಅಡ್ಡಪಟ್ಟಿಯನ್ನು ಬಟ್ಟೆಯಿಂದ ಒರೆಸುತ್ತಾ, "ಜನ ಖುಷಿಯಾಗಿ ಮನೆಗೆ ಹೋಗ್ತಿದಾರೆ. ಆ ನಾಲ್ಕು ನಿಮಿಷ ನೋಡಿ ಯಾರು ಉದ್ಧಾರ ಆಗಬೇಕು?" ಎಂದ.

"ಜನದ ಮಾತು ಬಿಡು. ಮಗಳಿಗೆ ಏನಂತ ಹೇಳಿದೆ ನೀನು?"

"ಇದ್ದದ್ದೇ ಹೇಳಿದೆ. ಸೇರ್ತಾರೆ ತಾನೆ?"

"ನಾಚಿಕೆ ಆಗಬೇಕು ನಿನಗೆ."

"ಅವಳ ಒಳ್ಳೇದಕ್ಕೆ ಕಣೇ" ಎಂದ. "ನಾನು ಇನ್ನೆಷ್ಟು ದಿನ ಇರ್ತೀನಿ? ಒಬ್ಬಳೇ ಏನು ಮಾಡ್ತಾಳೆ?"

ನಾನು ಮೂವತ್ತು ವರ್ಷದಿಂದ ಒಬ್ಬಳೇ ಇದ್ದೇನೆ, ಅವನ ತಲೆಯ ಮೇಲಿನ ಕೋಣೆಯಲ್ಲಿಯೇ. ಅದು ಅವನಿಗೆ ಆ ಕ್ಷಣ ನೆನಪಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮೊದಲ ದಿನ ಕೈತಪ್ಪಿನಿಂದ ಆದದ್ದನ್ನು ಮೂರನೇ ದಿನದಿಂದ ಬೇಕೆಂದೇ ಮಾಡಿದವನು, ನಿಯತ್ತಿನ ಮನುಷ್ಯ ಎಂದು ಊರೆಲ್ಲ ಹೊಗಳುವ ನನ್ನ ಅಣ್ಣ.

ಶನಿವಾರ ಮಧ್ಯಾಹ್ನದ ಆಟಕ್ಕೆ ಅವನು ಮಗಳನ್ನು ತಾನೇ ಕರೆದುಕೊಂಡು ಬಂದ, ಹೋಗುವ ಮೊದಲು ಒಂದು ಸಲ ನೋಡಲಿ ಎಂದು. ನಾನು ಬಾಲ್ಕನಿ ಟಿಕೆಟ್ ಹರಿದು ಮುಂದಿಟ್ಟೆ.

"ಕೆಳಗಡೆ ಕೊಡು, ನನ್ನ ಕಣ್ಣ ಮುಂದೆ ಇರ್ತಾಳೆ" ಎಂದ.

ಕೆಳಗಿನದೇ ಕೊಟ್ಟೆ. ಆದರೆ ಅವನು ಬಾಗಿಲುಗಳ ಕಡೆ ಹೋದ ಮೇಲೆ ಕಿಟಕಿಯ ತೂತಿನಿಂದ ಕೈ ಹಾಕಿ ಗುಬ್ಬಿಯ ಮಣಿಕಟ್ಟು ಹಿಡಿದೆ.

"ಬಾಗಿಲು ತೆರೆದರೂ ಏಳಬೇಡ. ದೀಪ ಹತ್ತುವ ತನಕ ಕೂತಿರು."

"ಯಾಕತ್ತೆ?"

"ಹೇಳಿದಷ್ಟು ಮಾಡು."

ಕೊನೆಯ ಹೊತ್ತಿಗೆ ನಾನೂ ಕಿಟಕಿ ಮುಚ್ಚಿ ಒಳಗೆ ಹೋಗಿ ಹಿಂದಿನ ಗೋಡೆಗೆ ಒರಗಿದೆ. ಪಿಟೀಲು ಎದ್ದಿತು. ಅಗುಳಿ ಸದ್ದಿಲ್ಲದೆ ಸರಿಯಿತು. ಬಿಸಿಲು ಬಂತು, ಜನ ಎದ್ದರು. ಎಲ್ಲರೂ ಎದ್ದ ಹಾಲಿನ ನಡುವೆ ಒಂದು ತಲೆ ಮಾತ್ರ ಕೂತಲ್ಲೇ ಇತ್ತು. ಮುಂದೆ ಜನ ಅಡ್ಡ ಬಂದಾಗ ಅತ್ತ ವಾಲಿತು, ಇತ್ತ ವಾಲಿತು, ಪರದೆಯನ್ನು ಬಿಡಲಿಲ್ಲ. ಅಣ್ಣ ಅದನ್ನು ಕಂಡ. ಜನರ ಎದುರು ದಿಕ್ಕಿಗೆ ನುಗ್ಗಿಕೊಂಡು ಬಂದು ಅವಳ ಸಾಲಿನ ತುದಿಯಲ್ಲಿ ನಿಂತ.

"ಆಯ್ತು ಮಗಾ, ಏಳು."

"ಆಗಿಲ್ಲಪ್ಪ. ಬಾಗಿಲು ಮುಚ್ಚು, ಕಾಣಿಸ್ತಿಲ್ಲ."

ಅವಳು ದನಿ ಏರಿಸಲಿಲ್ಲ. ಆದರೆ ಪಕ್ಕದಲ್ಲಿ ಹೋಗುತ್ತಿದ್ದ ನಾಲ್ಕೈದು ಜನ ನಿಂತು ಪರದೆಯ ಕಡೆ ತಿರುಗಿದರು. ಇನ್ನೂ ಇದೆಯಂತೆ, ಇನ್ನೂ ಇದೆಯಂತೆ ಎಂಬ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅಣ್ಣ ಹೋಗಿ ಹತ್ತಿರದ ಬಾಗಿಲಿನ ಪರದೆ ಎಳೆದ. ನಂತರ ಇನ್ನೊಂದು. ಇದ್ದವರು ಇದ್ದಲ್ಲೇ ಕೂತರು. ಅಣ್ಣ ತನ್ನ ಜೀವನದಲ್ಲಿ ಮೊದಲ ಬಾರಿಗೆ ಪರದೆಗೆ ಮುಖ ಮಾಡಿ ನಿಂತು ಒಂದು ಸಿನಿಮಾದ ಕೊನೆಯನ್ನು ನೋಡಿದ.

ದೀಪ ಹತ್ತಿತು. ಜನ ಹೋದರು. ಕೆಲವರು ಅವನನ್ನು ಬೈದೇ ಹೋದರು, ಇಷ್ಟು ದಿನ ನಮಗೆ ಮೋಸ ಮಾಡಿದೆ ಎಂದು. ಹಾಲಿನಲ್ಲಿ ಮೂವರೇ ಉಳಿದೆವು. ಅಣ್ಣ ಮಗಳ ಮುಂದಿನ ಸಾಲಿನ ಕುರ್ಚಿಯಲ್ಲಿ ಅಡ್ಡ ಕೂತು, ನೆಲ ನೋಡುತ್ತಾ ಹೇಳಿದ.

"ಸಿನಿಮಾ ನೋಡಿ ಸಂಸಾರ ಮಾಡೋಕಾಗುತ್ತಾ ಮಗಾ? ಅದೆಲ್ಲ ಕಥೆ."

ಮೂರು ವಾರ ಅದೇ ಕಥೆಯನ್ನು ಅನ್ನದ ಜೊತೆ ಕಲಸಿ ತಿನ್ನಿಸಿದವನ ಮಾತು ಇದು. "ಈ ಕೊನೆ ಮೂರನೇ ದಿನವೇ ಗೊತ್ತಿತ್ತು ಇವನಿಗೆ" ಎಂದೆ. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿಯೇ ಮಾತಾಡಿದಳು.

"ಅವಳು ಹೋದಳೋ ಇದ್ದಳೋ ನನಗೆ ಏನಾಗಬೇಕಪ್ಪ? ನಾನು ಹೋಗಲ್ಲ ಅಂದಿದ್ದು ಈ ಸಿನಿಮಾ ಬರೋಕೆ ಮುಂಚೆ. ಹೋಗ್ತೀನಿ ಅಂದಿದ್ದು ನಿಮ್ಮ ಮಾತು ಕೇಳಿ ಕೇಳಿ ಸುಸ್ತಾಗಿ. ಈಗ ನೀನು ಗೊತ್ತಿದ್ದೂ ನನಗೆ ಅರ್ಧ ಹೇಳಿದೆ ಅಂತ ಗೊತ್ತಾಯ್ತು. ಅದಕ್ಕೆ ಉಳಿದಿದ್ದು ನಾನೂ ಹೇಳಿಬಿಡ್ತೀನಿ."

ಹೇಳಿದಳು. ಮಂಗಳವಾರ ಅವಳ ರಜೆ. ಮದುವೆಯಾದ ಮೂರನೇ ತಿಂಗಳಿನಿಂದ ಪ್ರತಿ ಮಂಗಳವಾರ ಅಳಿಯ ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಬೈಯುತ್ತಿರಲಿಲ್ಲ. ನಗುತ್ತಲೇ ಹಾಕುತ್ತಿದ್ದ. ಒಬ್ಬಳೇ ಇರ್ತೀಯಲ್ಲ, ಭದ್ರವಾಗಿರಲಿ ಎನ್ನುತ್ತಿದ್ದ. ಅವಳಿಗೆ ಒಂದು ಕೀಲಿ ಬೇಕು ಎಂದರೆ, ನಾನಿಲ್ಲದಾಗ ಎಲ್ಲಿಗೆ ಹೋಗಬೇಕಿದೆ ಎನ್ನುತ್ತಿದ್ದ. ಅವಳು ಬ್ಯಾಗು ಹಿಡಿದು ಬಂದ ಬುಧವಾರದ ಹಿಂದಿನ ದಿನ ಕೆಳಮಹಡಿಯ ಅಡುಗೆಮನೆಯಲ್ಲಿ ಏನೋ ಹೊತ್ತಿಕೊಂಡು ಹೊಗೆ ಮೆಟ್ಟಿಲಿಗೆಲ್ಲ ತುಂಬಿತು. ಬಾಗಿಲ ಸಂದಿಯಿಂದ ಒಳಗೆ ಬಂತು. ಅವಳು ಒದ್ದೆ ಟವೆಲನ್ನು ಸಂದಿಗೆ ತುರುಕಿ ನಲವತ್ತು ನಿಮಿಷ ಬಾಗಿಲು ಬಡಿದಳು. ಎಲ್ಲರೂ ಕೆಳಗಿಳಿದು ಓಡಿದ್ದರು. ಸಂಜೆ ಅವನು ಬಂದು ಟವೆಲನ್ನು ನೋಡಿ, ನಿನಗೇನೂ ಆಗಲಿಲ್ಲವಲ್ಲ ಎಂದ. ಊಟಕ್ಕೆ ಕೂತ.

ಅಣ್ಣ ತಲೆ ಎತ್ತಿದ.

"ಇನ್ನೊಂದು ಬಾಗಿಲು ಎಲ್ಲಿತ್ತು?"

"ಯಾವ ಬಾಗಿಲು?"

"ಆ ಮನೆಗೆ. ಹಿಂದೆ, ಪಕ್ಕದಲ್ಲಿ. ಇನ್ನೊಂದು ಇರಬೇಕಲ್ಲ."

"ಇಲ್ಲಪ್ಪ. ಒಂದೇ."

ಅವನು ಅದನ್ನೇ ಇನ್ನೊಂದು ಸಲ ಕೇಳಿದ. ಅವಳು ಅದೇ ಉತ್ತರ ಕೊಟ್ಟಳು. ಆಮೇಲೆ ಅವನು ಎದ್ದು ನಾಲ್ಕೂ ಬಾಗಿಲಿಗೆ ಹೋಗಿ, ಅಗುಳಿ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದ. ಮುಂದಿನ ಆಟಕ್ಕೆ ಇನ್ನೂ ಒಂದು ಗಂಟೆ ಇತ್ತು. ಹಾಗೆ ಮಾಡುವ ಅಗತ್ಯವೇ ಇರಲಿಲ್ಲ.

ನಾನು ಗುಬ್ಬಿಯ ಪಕ್ಕ ಕೂತು, "ಇದನ್ನು ಬಂದ ದಿನವೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದರೆ ನೀವೇನಂತಿದ್ರಿ ಅತ್ತೆ? ಎಷ್ಟು ಜೋಪಾನವಾಗಿ ನೋಡ್ಕೋತಾನೆ ಅಂತಿದ್ರಿ."

ಭಾನುವಾರ ಅಳಿಯ ಹಣ್ಣಿನ ಚೀಲ ಹಿಡಿದು ಬಂದ. ಅಣ್ಣ ಹೊಸ್ತಿಲ ಮೇಲೆಯೇ ನಿಂತಿದ್ದ, ಒಳಗೆ ಕರೆಯಲಿಲ್ಲ.

"ಅವಳು ಬರಲ್ಲ" ಎಂದ.

"ಅವಳನ್ನೇ ಕರೀರಿ ಮಾವ. ಅವಳ ಬಾಯಿಂದಲೇ ಕೇಳ್ತೀನಿ."

"ಅವಳು ಹೇಳಿ ಆಗಿದೆ. ನನಗೆ ಕೇಳಿಸಿದ್ದು ನಿನ್ನೆ."

ಅಳಿಯ ಏನೋ ವಿವರಿಸಲು ಹೊರಟ, ಭದ್ರತೆ, ಕಾಲ ಸರಿಯಿಲ್ಲ, ಹೀಗೆ. ಅಣ್ಣ ಮಾತಿಗೆ ಮಾತು ಬೆಳೆಸಲಿಲ್ಲ. ಅವನು ಹೋಗುವ ತನಕ ಎರಡೂ ತೋಳು ಚಾಚಿ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಓಣಿಯವರೆಲ್ಲ ಕಿಟಕಿಯಿಂದ ನೋಡಿದರು.

ಅಂದಿನಿಂದ ಊರಿನವರಿಗೆ ಅಣ್ಣನೇ ನಾಯಕ. ಎಂಥ ತಂದೆ, ಹೇಗೆ ನಿಂತ ನೋಡಿ ಎನ್ನುತ್ತಾರೆ. ಕನ್ನಡಕದ ಅಂಗಡಿಯ ಮಾಲೀಕ "ಬೀಗ ಹಾಕೋದು ತಪ್ಪು, ಅದು ಬೇರೆ ವಿಷಯ" ಎಂದು ಈಗ ಉಪದೇಶ ಮಾಡುತ್ತಾನೆ. ಅವನ ಹೆಂಡತಿ ಗುಬ್ಬಿಯ ಗಲ್ಲ ಹಿಡಿದು ಪಾಪ ಎಂದಳಂತೆ. ಸಿನಿಮಾದ ಕೊನೆ ಈಗ ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿದ್ದಾರೆ, ಮೊದಲಿನಿಂದಲೂ ತಾವು ಹಾಗೇ ಹೇಳುತ್ತಿದ್ದೆವು ಎನ್ನುತ್ತಾರೆ. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಮೊನ್ನೆ ಗುಬ್ಬಿ ಕೆಲಸದಿಂದ ಬಂದು ನನ್ನ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದಳು. ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಪುಡಿ. ನಾನು ಚಹಾ ಕೊಡುತ್ತಾ, "ಎಷ್ಟೇ ಬೈದರೂ ನಿಮ್ಮಪ್ಪ ಕೊನೆಗೆ ನಿನ್ನ ಪರ ನಿಂತ ಕಣೇ" ಎಂದೆ.

ಅವಳು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ನಿಂತ. ಇಲ್ಲ ಅನ್ನಲ್ಲ. ಆದರೆ ಒಂದು ಹೇಳಿ ಅತ್ತೆ. ಆ ಹೊಗೆ ಬರದೇ ಇದ್ದಿದ್ದರೆ? ಬೀಗವೂ ಇಲ್ಲದೇ, ಸುಮ್ಮನೆ ನನಗೆ ಅಲ್ಲಿರೋಕೆ ಆಗದೇ ಹೋಗಿದ್ದರೆ? ನೀವಿಬ್ಬರೂ ಭಾನುವಾರ ನನ್ನ ಬ್ಯಾಗು ಹೊರಗೆ ತಂದಿಡ್ತಿರಲಿಲ್ವಾ?"

ನಮಗೆ ಗೊತ್ತಿರಲಿಲ್ಲ ಮಗಳೇ ಎನ್ನಲು ಬಾಯಿ ತೆರೆದೆ. ಗೊತ್ತಿತ್ತು. ಬಂದ ದಿನವೇ ಹೋಗಲ್ಲ ಎಂದಿದ್ದಳು, ನಾನು ಅಲ್ಲೇ ಇದ್ದೆ, ಎರಡೂ ಕಿವಿಯಿಂದ ಕೇಳಿದ್ದೆ. ಕೇಳಿಸಿಕೊಂಡು, ಮತ್ತೇನೇ ನಿನ್ನ ಕಷ್ಟ ಎಂದವಳು ನಾನೇ.